ಮಂಜಿಷ್ಠದ ಬಣ್ಣದ ಸಂಜೆ

ಜಪಾನಿಗೆ ಹೋಗಿ ಬಂದವರು ಏನನ್ನು ಬರೆಯಬೇಕೆಂಬುದು ನನಗೆ ತಿಳಿಯದ ವಿಷಯವೇನೂ ಅಲ್ಲ. ಫುಜಿ ಪರ್ವತದ ಹಿಮ, ಕ್ಯೋಟೋ ನಗರದ ದೇಗುಲಗಳು, ಬಾಣದಂತೆ ಓಡುವ ರೈಲು, ಕಸ ಕಾಣದ ಬೀದಿ: ಇವೆಲ್ಲ ಬರಲೇಬೇಕು. ನಮ್ಮ ಸಂಪಾದಕರೂ ಅದನ್ನೇ ನಿರೀಕ್ಷಿಸಿ, "ಒಂದೆರಡು ಚಿತ್ರಗಳನ್ನೂ ಕೊಡಿ" ಎಂದಿದ್ದರು. ಆದರೆ ನಾನು ಅಲ್ಲಿಂದ ಕಟ್ಟಿಕೊಂಡು ಬಂದ ಬುತ್ತಿ ಬೇರೆಯದು. ಅದು ಹಾಡುಗಳ ಬುತ್ತಿ. ಅದರಲ್ಲಿಯೂ ಪ್ರೀತಿ ಮುರಿದ ಮೇಲೆ ಹಾಡುವ ಹಾಡುಗಳು. ಅವನ್ನು ಹಾಡುವವರೋ ವಿದ್ಯುತ್ ಗಿಟಾರು ಹಿಡಿದು ಡ್ರಮ್ಮು ಬಾರಿಸುವ ರಾಕ್ ಮೇಳದ ತರುಣರು. ಅರುವತ್ತೈದು ತುಂಬಿದ, ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಗೃಹಸ್ಥನೊಬ್ಬನಿಗೆ ಇದು ಒಪ್ಪುವ ವಿಷಯವೇ ಎಂದು ವಾಚಕರು ಕೇಳಬಹುದು. ನಾನೂ ಹಲವು ಸಲ ಕೇಳಿಕೊಂಡಿದ್ದೇನೆ. ಆದರೂ ಬರೆಯುತ್ತಿದ್ದೇನೆ. ನಮ್ಮ ಸಂಘದ ಮನೆಮನೆಗಳಲ್ಲಿ ಮಕ್ಕಳು ದೂರ ಹೋಗಿದ್ದಾರೆ. ಅವರು ಕಿವಿಯಲ್ಲಿ ಏನು ಇಟ್ಟುಕೊಂಡು ಕೂತಿರುತ್ತಾರೆಂಬುದನ್ನು ಒಮ್ಮೆಯಾದರೂ ಕೇಳುವುದು ತಂದೆತಾಯಿಗಳಿಗೆ ಒಳ್ಳೆಯದು.

ನನ್ನ ಮಗಳು ಟೋಕಿಯೋದಲ್ಲಿ ನೌಕರಿಯಲ್ಲಿದ್ದಾಳೆ. ಅಲ್ಲಿಯೇ ಒಬ್ಬ ಪುಣೆಯ ಹುಡುಗನ ಪರಿಚಯವಾಗಿ, ಎರಡೂ ಮನೆಯವರು ಕೂತು ಮಾತನಾಡಿ, ವೀಳ್ಯ ಬದಲಾಯಿಸುವುದೊಂದು ಉಳಿದಿತ್ತು. 2023ರ ಮಾರ್ಚ್ ತಿಂಗಳಲ್ಲಿ ಒಂದು ರಾತ್ರಿ ಅವಳು ಫೋನು ಮಾಡಿ, "ಅಪ್ಪಾ, ಅದು ಮುರೀತು" ಎಂದಳು. ಅಷ್ಟೇ. ನಾನು ಆ ಹೊತ್ತಿಗೆ ಏನು ಹೇಳಬೇಕಿತ್ತೋ ಅದನ್ನು ಬಿಟ್ಟು, "ಇನ್ನ ಮಂದಿಗೆ ಏನಂತ ಹೇಳೂಣವ್ವಾ?" ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ನಾಳೆ ಮಾಡ್ತೀನಿ" ಎಂದು ಫೋನು ಇಟ್ಟಳು. ಮರುದಿನವೂ ಮಾಡಿದಳು, ಅದರ ಮರುದಿನವೂ ಮಾಡಿದಳು. ಹವೆ, ಊಟ, ಕೆಲಸ ಎಲ್ಲದರ ಮಾತೂ ಬಂತು. ಆ ಮಾತು ಮಾತ್ರ ಮತ್ತೆ ಬರಲಿಲ್ಲ.

ಎಂಟು ತಿಂಗಳು ಹೀಗೆ ಕಳೆದ ಮೇಲೆ ನನ್ನ ಹೆಂಡತಿ ನನ್ನನ್ನು ಹೊರಡಿಸಿದಳು. ಅವಳಿಗೆ ಮೊಣಕಾಲಿನ ನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂಡಲಾರಳು. "ನೀವು ಹೋಗ್ರಿ. ಅಕಿ ಏನೂ ಹೇಳಲಿಲ್ಲಂದ್ರೂ ಬಾಜೂಕ ಕೂಡ್ರಿ. ಆದ್ರ ನೀವಾಗಿ ಏನೂ ಕೇಳಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟು, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿಗಳ ಗಂಟು ಕಟ್ಟಿದಳು. ಹೀಗೆ ನವೆಂಬರ್ ತಿಂಗಳಲ್ಲಿ ಡೊಂಬಿವಲಿಯಿಂದ ಹೊರಟವನು ಟೋಕಿಯೋದ ನಿಶಿ-ಕಸಾಯಿ ಎಂಬ ಬಡಾವಣೆಯಲ್ಲಿ ಇಳಿದೆ. ಅಲ್ಲಿ ನಮ್ಮ ದೇಶದವರ ವಸತಿ ಬಹಳ. ಅಂಗಡಿಯಲ್ಲಿ ತೊಗರಿಬೇಳೆ, ಇಂಗು, ಸಾಸಿವೆ ಎಲ್ಲ ದೊರೆಯುತ್ತದೆ. ಆದ್ದರಿಂದ ನನ್ನ ಹೊಟ್ಟೆಗೆ ಪರದೇಶದ ಅನುಭವ ಮೊದಲ ಮೂರು ದಿನ ಆಗಲೇ ಇಲ್ಲ.

ಮಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವಳು, ರಾತ್ರಿ ಬರುವಳು. ಊಟವಾದ ಮೇಲೆ ಕಿಟಕಿಯ ಬಳಿ ಕೂತು ಕಿವಿಗೆ ಯಂತ್ರ ಹಚ್ಚಿಕೊಂಡು ಹಾಡು ಕೇಳುವಳು. ನಾನು ಹೆಂಡತಿಯ ಅಪ್ಪಣೆಯಂತೆ ಬಾಜೂಕ ಕೂಡುವೆನು. ನಾಲ್ಕನೆಯ ರಾತ್ರಿ ತಡೆಯಲಾರದೆ, "ಏನು ಹಾಡವ್ವಾ ಅದು?" ಎಂದೆ. ಅವಳು ನಕ್ಕಳು. "ಇವರ ಭಾಷಾದಾಗ ಶಿತ್ಸುರೆನ್ ಅಂತಾರ ಅಪ್ಪಾ. ಪ್ರೀತಿ ಕಳಕೊಳ್ಳೂದು. ಅದರ ಹಾಡು." ಸ್ವಲ್ಪ ತಡೆದು, "ನಾಳೆ ಸಂಜಿಗೆ ಇಂಥಾ ಹಾಡು ಕೇಳಾಕ ಹೋಗೂಣು. ಗದ್ದಲ ಭಾಳ ಇರತೈತಿ. ಆಗ್ತೈತೇನು ನಿನಗ?" ಎಂದಳು. ಕಿವುಡಾದರೂ ಚಿಂತೆಯಿಲ್ಲವೆಂದು ಒಪ್ಪಿದೆ.

ಮರುದಿನ ಹೋದದ್ದು ಶಿಮೋಕಿತಾಜಾವಾ ಎಂಬಲ್ಲಿಗೆ. ಟೋಕಿಯೋ ಎಂದರೆ ಗಗನಚುಂಬಿ ಕಟ್ಟಡಗಳೇ ಎಂದು ತಿಳಿದಿದ್ದ ನನಗೆ ಆ ಓಣಿಗಳನ್ನು ಕಂಡು ಗಿರಗಾಂವಿಯ ನೆನಪಾಯಿತು. ಇಕ್ಕಟ್ಟಾದ ದಾರಿಗಳು, ಹಳೆಯ ಬಟ್ಟೆಗಳ ಅಂಗಡಿಗಳು, ಚಿಕ್ಕ ಚಿಕ್ಕ ನಾಟಕಶಾಲೆಗಳು. ಮೊದಲು ಒಡಾಕ್ಯೂ ರೈಲು ಈ ಪೇಟೆಯ ನಡುವೆ ನೆಲದ ಮೇಲೆಯೇ ಓಡುತ್ತಿತ್ತಂತೆ. 2013ರಲ್ಲಿ ಅದನ್ನು ನೆಲದೊಳಕ್ಕೆ ಇಳಿಸಿದರು. ಈ ಓಣಿಗಳಲ್ಲಿ 'ಲೈವ್ ಹೌಸ್' ಎಂಬ ಸಂಗೀತದ ಕೋಣೆಗಳಿವೆ. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಬೇಕು. ಇನ್ನೂರು ಜನ ನಿಂತರೆ ತುಂಬಿತು. ಕುರ್ಚಿಯಿಲ್ಲ. ಟಿಕೆಟ್ಟಿನ ಜೊತೆಗೆ ಒಂದು ಪಾನೀಯಕ್ಕೂ ಹಣ ಕೊಡಲೇಬೇಕು. ನಾನು ಕಿತ್ತಳೆ ರಸ ತೆಗೆದುಕೊಂಡು ಗೋಡೆಗೆ ಒರಗಿ ನಿಂತೆ. ಆ ಜನರಲ್ಲಿ ತಲೆ ನರೆತವನು ನಾನೊಬ್ಬನೇ.

ಹೊಸ ಮೇಳಗಳಿಗೆ ಇಲ್ಲಿ ಹಾಡುವುದು ಸುಲಭವಲ್ಲ. ಇಂತಿಷ್ಟು ಟಿಕೆಟ್ಟು ನೀವು ಮಾರಬೇಕೆಂದು ಕೋಣೆಯವರು ಕರಾರು ಹಾಕುವುದುಂಟು. ಮಾರದೆ ಉಳಿದರೆ ಆ ಹಣವನ್ನು ಮೇಳದ ಹುಡುಗರೇ ತುಂಬಬೇಕು. ಹಗಲೆಲ್ಲ ಅಂಗಡಿಯಲ್ಲಿ ದುಡಿದು ರಾತ್ರಿ ಇಲ್ಲಿ ಹಾಡಿ, ಹಾಡಿದ್ದಕ್ಕೆ ತಾವೇ ಹಣ ತೆತ್ತು ಮನೆಗೆ ಹೋಗುವವರಿದ್ದಾರೆ. ನಮ್ಮ ಹವ್ಯಾಸಿ ನಾಟಕ ಮಂಡಳಿಗಳಲ್ಲಿ ದುಡಿದವರಿಗೆ ಈ ಸುಖ ಚೆನ್ನಾಗಿ ಗೊತ್ತಿರಬೇಕು.

ಮೊದಲ ಅರ್ಧ ಗಂಟೆ ನನ್ನ ಎದೆಗೂಡು ನಗಾರಿಯಾಯಿತು. ಕೊನೆಗೆ ಬಂದ ಮೇಳದಲ್ಲಿ ಕನ್ನಡಕ ಹಾಕಿದ ಒಬ್ಬ ಸಾಧಾರಣ ಹುಡುಗ, ನಮ್ಮ ಶಾಖೆಗೆ ಹೊಸದಾಗಿ ಸೇರಿದ ಗುಮಾಸ್ತನಂತಿದ್ದವನು, ಕಣ್ಣು ಮುಚ್ಚಿ ಒಂದು ನಿಧಾನದ ಹಾಡು ಹಾಡಿದ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಸದ್ದಿಲ್ಲದೆ ಕಣ್ಣೊರೆಸಿಕೊಂಡಳು. ಯಾರೂ ಕೂಗಲಿಲ್ಲ. ಹಾಡು ಮುಗಿದ ಮೇಲೆ ಒಂದು ಗಳಿಗೆ ಮೌನ, ಅನಂತರ ಚಪ್ಪಾಳೆ. "ಏನಂದ ಅಂವ?" ಎಂದು ಮಗಳನ್ನು ಕೇಳಿದೆ. "ಏನಿಲ್ಲ ಅಪ್ಪಾ. ಮಳಿ ನಿಂತೈತಿ, ಅಕಿ ಛತ್ರಿ ಇನ್ನೂ ಬಾಗಲದಾಗ ಐತಿ ಅಂದ." ಇಷ್ಟೇಯೇ ಎಂದೆ. "ಇಷ್ಟೇ" ಎಂದಳು.

ಆ ರಾತ್ರಿ ಮನೆಗೆ ಹೋಗುವಾಗ ರೈಲಿನಲ್ಲಿ ನನ್ನ ಪಾಠ ಶುರುವಾಯಿತು. ಎಂಟು ತಿಂಗಳ ಮೇಲೆ ಮಗಳು ಮನಸ್ಸಿಟ್ಟು ಮಾತನಾಡಿದ್ದು ಅಂದೇ. ನಾನು ಜಾಣ ವಿದ್ಯಾರ್ಥಿಯಂತೆ ಕೇಳಿದೆ. ಅವಳು ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಕೂಡಿಸಿ ಇಲ್ಲಿ ಕೊಡುತ್ತೇನೆ.

ಜಪಾನಿನಲ್ಲಿ ರಾಕ್ ಸಂಗೀತ ಬಂದ ಹೊಸತರಲ್ಲಿ, 1970ರ ಸುಮಾರಿಗೆ, ಒಂದು ದೊಡ್ಡ ವಾದ ನಡೆಯಿತು. ಈ ಸಂಗೀತಕ್ಕೆ ಇಂಗ್ಲಿಷೇ ಸರಿ, ಜಪಾನೀ ಭಾಷೆ ಇದಕ್ಕೆ ಒಗ್ಗದು ಎಂದು ಒಂದು ಪಕ್ಷ. ನಮ್ಮ ಭಾಷೆಯಲ್ಲಿಯೇ ಹಾಡುತ್ತೇವೆ ಎಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷದ ಮುಂದಾಳುಗಳು 'ಹ್ಯಾಪಿ ಎಂಡ್' ಎಂಬ ಮೇಳದವರು. 1971ರಲ್ಲಿ ಅವರು ಹೊರತಂದ 'ಕಾಜೆಮಾಚಿ ರೋಮಾನ್' ಎಂಬ ಧ್ವನಿಮುದ್ರಿಕೆಯಿಂದ ಆ ವಾದ ಬಹುಮಟ್ಟಿಗೆ ಮುಗಿಯಿತು. ಅದರ ಹಾಡುಗಳಿಗೆ ಮಾತು ಬರೆದ ಮಾತ್ಸುಮೋತೋ ತಾಕಾಶಿ, ಬದಲಾಗಿ ಕಣ್ಮರೆಯಾಗುತ್ತಿದ್ದ ತನ್ನ ಬಾಲ್ಯದ ಟೋಕಿಯೋವನ್ನು ನೆನೆದು ಬರೆದ. ತಾಯ್ನುಡಿಯಲ್ಲಿ ಇದು ಆದೀತೇ, ಅದು ಆದೀತೇ ಎಂಬ ಪ್ರಶ್ನೆ ಕನ್ನಡಿಗರಾದ ನಮಗೇನು ಹೊಸದೇ? ಆ ಊರಿನಲ್ಲಿಯೂ ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಾದದಿಂದಲ್ಲ, ಹಾಡಿನಿಂದ ಎಂದು ತಿಳಿದು ನನಗೆ ಸಂತೋಷವಾಯಿತು.

ಹಾಗೆ ತಮ್ಮ ನುಡಿಗೆ ಬಂದ ಮೇಲೆ ಅವರ ಅಗಲಿಕೆಯ ಹಾಡುಗಳಿಗೆ ಅವರದೇ ಒಂದು ರೀತಿ ಬಂತು. 'ನನ್ನ ಹೃದಯ ಒಡೆಯಿತು' ಎಂದು ನೇರವಾಗಿ ಹೇಳುವುದು ಅಪರೂಪ. ಯಾವ ತಿಂಗಳು, ಯಾವ ಹೊತ್ತು, ಗಾಳಿಯಲ್ಲಿ ಯಾವ ಹೂವಿನ ವಾಸನೆ, ಬೀದಿದೀಪ ಹತ್ತಿತೋ ಇಲ್ಲವೋ, ಇಷ್ಟನ್ನು ಹೇಳುತ್ತಾರೆ. ದುಃಖವನ್ನು ಕೇಳುವವನೇ ತುಂಬಿಕೊಳ್ಳಬೇಕು. ಚೆರ್ರಿ ಹೂವಿನ ಹಾಡು ಎಂದರೆ ನಾವು ವಸಂತದ ಸಂತೋಷವೆಂದುಕೊಳ್ಳುತ್ತೇವೆ. ಅವರಿಗೆ ಅದು ಬಹುವಾಗಿ ಬೀಳ್ಕೊಡುಗೆಯ ಹಾಡು. ಅಲ್ಲಿ ಶಾಲೆಯ ವರ್ಷ ಮಾರ್ಚಿಗೆ ಮುಗಿದು ಏಪ್ರಿಲಿಗೆ ಮೊದಲಾಗುತ್ತದೆ. ಕಂಪನಿಗಳಲ್ಲಿ ಹೊಸಬರು ಸೇರುವುದೂ ವರ್ಗಾವಣೆಯಾಗುವುದೂ ಆಗಲೇ. ಹೂವು ಅರಳಿ ಉದುರುವ ಎರಡು ವಾರದಲ್ಲಿ ದೇಶವೆಲ್ಲ ಯಾರಿಗೋ ಕೈಬೀಸುತ್ತಿರುತ್ತದೆ. ಮಾರ್ಚ್ ಎಂದಾಗ ಮಗಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

'ಸ್ಪಿಟ್ಸ್' ಎಂಬುದು 1987ರಲ್ಲಿ ಹುಟ್ಟಿದ ಮೇಳ. ಅವರ 'ಕಾಎದೆ', ಅಂದರೆ ಮೇಪಲ್ ಮರ, ಎಂಬ ಹಾಡು 1998ರದು. ಅದು ಪ್ರೀತಿಸಿದವರ ಅಗಲಿಕೆಯದೇ ಹಾಡು. ಆದರೆ ಶೀರ್ಷಿಕೆ ಮಾತ್ರ ಎಲೆ ಕೆಂಪಾಗಿ ಉದುರುವ ಒಂದು ಮರದ್ದು. 'ಸೊರಾನಿನ್' ಎಂಬುದರ ಕಥೆ ಇನ್ನೂ ವಿಚಿತ್ರ. ಅಸಾನೋ ಇನಿಯೋ ಎಂಬ ಚಿತ್ರಕಥೆಗಾರ 2005ರಿಂದ 2006ರವರೆಗೆ ಆ ಹೆಸರಿನ ಚಿತ್ರಕಥೆಯೊಂದನ್ನು ಬರೆದ. ಅದರಲ್ಲಿ ಮೇಳ ಕಟ್ಟಿದ ತರುಣನೊಬ್ಬ ಅಪಘಾತದಲ್ಲಿ ತೀರಿಕೊಳ್ಳುತ್ತಾನೆ. ಅವನು ಬರೆದಿಟ್ಟ ಅಗಲಿಕೆಯ ಹಾಡನ್ನು ಅವನ ಗೆಳತಿ ಗಿಟಾರು ಕಲಿತು ತಾನೇ ಹಾಡುತ್ತಾಳೆ. ಪುಸ್ತಕದಲ್ಲಿ ಆ ಹಾಡಿಗೆ ಮಾತು ಮಾತ್ರ ಇತ್ತು, ರಾಗವಿರಲಿಲ್ಲ. 2010ರಲ್ಲಿ ಅದು ಚಲಚ್ಚಿತ್ರವಾದಾಗ 'ಏಷ್ಯನ್ ಕುಂಗ್-ಫೂ ಜನರೇಶನ್' ಎಂಬ ಯೋಕೊಹಾಮಾದ ಮೇಳದವರು ಅದೇ ಮಾತುಗಳಿಗೆ ರಾಗ ಕೂಡಿಸಿದರು.

"ಇವನ್ನೆಲ್ಲಾ ಕೇಳಿ ನಿನಗ ದುಃಖ ಹೆಚ್ಚಾಗಂಗಿಲ್ಲೇನು?" ಎಂದೆ. ಅವಳು ವಿಚಾರ ಮಾಡಿ ಹೇಳಿದಳು: "ಹೆಚ್ಚಾಗಂಗಿಲ್ಲ ಅಪ್ಪಾ. ಅದಕ್ಕೊಂದು ಜಾಗಾ ಸಿಗತೈತಿ." ಆಮೇಲೆ, "ರವಿವಾರ ನಿನಗೊಂದು ಊರು ತೋರಿಸ್ತೀನಿ. ನೇಕಾರರ ಊರು. ನಿನಗ ಸೇರತೈತಿ" ಎಂದಳು.

ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವನು. ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಅಪ್ಪ ಒಂದರಲ್ಲಿ, ಕಾಕಾ ಇನ್ನೊಂದರಲ್ಲಿ ಕಾಲಿಳಿಬಿಟ್ಟು ಕೂತು ಖಣ ನೇಯುತ್ತಿದ್ದರು. 1979ರಲ್ಲಿ ನೌಕರಿಯ ಕಾಗದ ಬಂದಾಗ ಬಾಗಲಕೋಟೆಯಲ್ಲಿ ಸಣ್ಣ ಗಾಡಿ ಹತ್ತಿ, ಸೊಲ್ಲಾಪುರದಲ್ಲಿ ದೊಡ್ಡ ಗಾಡಿಗೆ ಬದಲಿಸಿ ಮುಂಬಯಿಗೆ ಬಂದೆ. ಅಂದಿನಿಂದ ಮಗ್ಗದ ಸಪ್ಪಳ ನನಗೆ ಹಬ್ಬ ಹುಣ್ಣಿಮೆಯ ವಸ್ತುವಾಯಿತು. ಈಗ ಆ ಪಡಸಾಲೆಯಲ್ಲಿ ಮಗ್ಗಗಳಿಲ್ಲ.

ನವೆಂಬರಿನ ಕೊನೆಯ ರವಿವಾರ ಶಿಂಜುಕುದಿಂದ ಚೂಓ ಮಾರ್ಗದ ಗಾಡಿ ಹಿಡಿದು ಪಶ್ಚಿಮಕ್ಕೆ ಹೊರಟೆವು. ಊರುಗಳು ತೆಳುವಾಗಿ, ಗುಡ್ಡಗಳು ಹತ್ತಿರವಾಗಿ, ಓತ್ಸುಕಿ ಎಂಬಲ್ಲಿ ಇಳಿದು ಸಣ್ಣ ಗಾಡಿಗೆ ಬದಲಿಸಿದೆವು. ಸೊಲ್ಲಾಪುರದ ನೆನಪಾಯಿತು. ಇದು ಫುಜಿಕ್ಯೂ ರೈಲಿನ ಒಂಟಿ ಹಳಿಯ ದಾರಿ. ಕಾವಾಗುಚಿಕೋ ಸರೋವರದವರೆಗೆ 26.6 ಕಿಲೋಮೀಟರು ಉದ್ದ, ಅಷ್ಟರಲ್ಲಿ ಸುಮಾರು 500 ಮೀಟರು ಏರುತ್ತದೆ. ಎಲೆಗಳು ಕೆಂಪು ಹಳದಿಯಾಗಿದ್ದವು. ಒಂದು ತಿರುವಿನಲ್ಲಿ ಫುಜಿ ಪರ್ವತ ಏಕಾಏಕಿ ಎದುರಿಗೆ ನಿಂತಿತು. 3776 ಮೀಟರು ಎಂದು ಶಾಲೆಯಲ್ಲಿ ಕಂಠಪಾಠ ಮಾಡಿದ್ದು ಆಗ ಏನೂ ಉಪಯೋಗಕ್ಕೆ ಬರಲಿಲ್ಲ. ಗಾಡಿಯಲ್ಲಿದ್ದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿದರು.

ನಾವು ಇಳಿದದ್ದು ಫುಜಿಯೋಶಿದಾ ಊರಿನ ಶಿಮೋಯೋಶಿದಾ ಎಂಬ ಸ್ಟೇಷನ್ನಿನಲ್ಲಿ. ಬಹುಜನ ಪ್ರವಾಸಿಗಳೂ ಅಲ್ಲಿಯೇ ಇಳಿದರು. ಗುಡ್ಡದ ಮೇಲೆ ಐದು ಅಂತಸ್ತಿನ ಕೆಂಪು ಗೋಪುರವೊಂದಿದೆ. 398 ಮೆಟ್ಟಿಲು ಹತ್ತಿ ಹೋಗಿ ಅದನ್ನೂ ಪರ್ವತವನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಅವರ ಉದ್ದೇಶ. ಅವರೆಲ್ಲ ಹೋದ ಮೇಲೆಯೂ ಮಗಳು ಕಟ್ಟೆಯ ಮೇಲೆಯೇ ನಿಂತಳು. "ಮುಂದಿನ ಗಾಡಿ ಬರಲಿ ತಡಿ" ಎಂದಳು. ಸ್ವಲ್ಪ ಹೊತ್ತಿಗೆ, ಗಾಡಿ ಬರುವ ಮುನ್ಸೂಚನೆಯಾಗಿ, ಧ್ವನಿವರ್ಧಕದಲ್ಲಿ ಮಾತಿಲ್ಲದ ಒಂದು ಚಿಕ್ಕ ರಾಗ ಕೇಳಿಸಿತು. "ಇದು ಅವನ ಹಾಡು" ಎಂದಳು. ಒಂದು ದಿಕ್ಕಿನ ಗಾಡಿಗೆ ಒಂದು ಹಾಡಿನ ರಾಗ, ಇನ್ನೊಂದು ದಿಕ್ಕಿಗೆ ಇನ್ನೊಂದರದು. 2021ರಿಂದ ಹೀಗೆ ನುಡಿಸುತ್ತಿದ್ದಾರೆ. ಎರಡೂ ಹಾಡುಗಳು ಈ ಊರಿನ ಒಬ್ಬ ಹುಡುಗ ಬರೆದವು. ಒಂದಂತೂ ಅಗಲಿದ ಪ್ರೀತಿಯ ಹಾಡೇ.

ಅವನ ಹೆಸರು ಶಿಮುರಾ ಮಾಸಾಹಿಕೋ. ಹುಟ್ಟಿದ್ದು 1980ರ ಜುಲೈ 10ರಂದು. ಈ ಊರಿನ ಹತ್ತಿರದ ಬಯಲು ರಂಗದಲ್ಲಿ ಒಕುದಾ ತಾಮಿಯೋ ಎಂಬ ಪ್ರಸಿದ್ಧ ಗಾಯಕರ ಕಚೇರಿಯನ್ನು ಶಾಲೆಯ ದಿನಗಳಲ್ಲಿ ಕೇಳಿ, ತಾನೂ ಹಾಡುಗಾರನಾಗಬೇಕೆಂದು ನಿಶ್ಚಯಿಸಿದ. ಶಾಲೆ ಮುಗಿಸಿ ಟೋಕಿಯೋಗೆ ಹೋದ. 2000ರಲ್ಲಿ ಮೇಳ ಕಟ್ಟಿದ. ಅದರ ಹೆಸರು 'ಫುಜಿಫ್ಯಾಬ್ರಿಕ್'. ಏನಿದು, ಮೇಳಕ್ಕೆ ಬಟ್ಟೆಯಂಗಡಿಯ ಹೆಸರು ಎಂದು ನಾನು ನಕ್ಕೆ. ನಿಜವಾಗಿಯೂ ಅದು ಹಾಗೆಯೇ. ಮೊದಲಿಗೆ ಡ್ರಮ್ಮು ಬಾರಿಸುತ್ತಿದ್ದ ಗೆಳೆಯನ ಮನೆಯವರ ಜವಳಿ ಉದ್ಯಮದ ಹೆಸರನ್ನೇ ಮೇಳಕ್ಕೆ ಇಟ್ಟರು.

ಇಟ್ಟರೆ ಆಶ್ಚರ್ಯವೇನು? ಊರಿಗೆ ಊರೇ ನೇಕಾರಿಕೆಯದು. ಪರ್ವತದ ತಪ್ಪಲಿನ ಲಾವಾ ನೆಲದಲ್ಲಿ ಬತ್ತ ಚೆನ್ನಾಗಿ ಬಾರದು. ಜನ ರೇಷ್ಮೆಯನ್ನು ನಂಬಿದರು. ಇಲ್ಲಿಯ 'ಕೈಕಿ' ಎಂಬ ತೆಳುವಾದ ರೇಷ್ಮೆ ಹಿಂದಿನ ಕಾಲದಲ್ಲಿ ಹೆಸರುವಾಸಿಯಾಗಿತ್ತು. ಅದನ್ನು ಮೇಲಂಗಿಯ ಒಳಗಡೆಗೆ ಅಸ್ತರಿಯಾಗಿ ಹಾಕುತ್ತಿದ್ದರು. ಆಡಂಬರದ ಉಡುಪು ಕೂಡದೆಂದು ಸರಕಾರದ ಕಟ್ಟಳೆ ಇದ್ದ ಕಾಲದಲ್ಲಿ ಹೊರಗೆ ಸಾದಾ ಬಣ್ಣ, ಒಳಗಿನ ಅಸ್ತರಿಯಲ್ಲಿ ಚೆಲುವೆಲ್ಲ. ತೊಟ್ಟವನಿಗೆ ಮಾತ್ರ ಅದು ಗೊತ್ತು. 1950ರ ದಶಕದಲ್ಲಿ ಈ ದೇಶದ ಜವಳಿಗೆ ಎಂಥ ಬೇಡಿಕೆ ಇತ್ತೆಂದರೆ, ಮಗ್ಗ ಒಂದು ಸಲ ಸಪ್ಪಳ ಮಾಡಿದರೆ ಹತ್ತು ಸಾವಿರ ಯೆನ್ ಎಂಬ ಗಾದೆಯೇ ಹುಟ್ಟಿತ್ತು. ಆ ಐಶ್ವರ್ಯ ನಿಲ್ಲಲಿಲ್ಲ. ಕಡಿಮೆ ಬೆಲೆಯ ಬಟ್ಟೆ ಹೊರದೇಶದಿಂದ ಬರತೊಡಗಿದ ಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ಈಗ ಉಳಿದವರು ಕುತ್ತಿಗೆಯ ಟೈ, ಛತ್ರಿಯ ಬಟ್ಟೆ, ಅಸ್ತರಿಗಳನ್ನು ನೇಯುತ್ತಾರೆ. ಒಂದು ಓಣಿಯಲ್ಲಿ ಮುಚ್ಚಿದ ಬಾಗಿಲಿನ ಹಿಂದಿನಿಂದ ಯಂತ್ರಮಗ್ಗದ ಸದ್ದು ಕೇಳಿಸಿತು. ಅದು ನಮ್ಮ ಲಾಳಿಯ ಸದ್ದಲ್ಲ. ಆದರೂ ನಾನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ. ಮಗಳು ಅವಸರ ಮಾಡಲಿಲ್ಲ.

ಮಧ್ಯಾಹ್ನ 'ಯೋಶಿದಾ ಊದೋನ್' ಉಂಡೆವು. ಗೋಧಿಯ ದಪ್ಪ ಶಾವಿಗೆ, ಮೇಲೆ ಬೇಯಿಸಿದ ಎಲೆಕೋಸು. ಅಲ್ಲಿ ಕುದುರೆ ಮಾಂಸವನ್ನೂ ಹಾಕುವ ವಾಡಿಕೆಯಿದೆ. ಮಗಳು ಮೊದಲೇ ಹೇಳಿ ಅದನ್ನು ಬಿಡಿಸಿದಳು. ಶಾವಿಗೆ ಎಷ್ಟು ಗಟ್ಟಿಯೆಂದರೆ ನನ್ನ ಕಟ್ಟಿಸಿದ ಹಲ್ಲುಗಳು ಪ್ರತಿಭಟಿಸಿದವು. ಹೆಂಗಸರು ಮಗ್ಗದಿಂದ ಏಳುವಂತಿರಲಿಲ್ಲವಾಗಿ ಗಂಡಸರೇ ಹಿಟ್ಟು ನಾದುತ್ತಿದ್ದರು, ಅದಕ್ಕೇ ಇದು ಇಷ್ಟು ಗಟ್ಟಿಯಾಯಿತು ಎಂದು ಇಲ್ಲಿಯವರು ಹೇಳುತ್ತಾರೆ.

ಊಟದ ಮೇಲೆ ಮಗಳು ಕಿವಿಯಂತ್ರದ ಒಂದು ತುದಿಯನ್ನು ನನಗೆ ಕೊಟ್ಟು ಶಿಮುರಾನ ಹಾಡು ಕೇಳಿಸಿದಳು. ಅದರ ಹೆಸರು 'ಅಕಾನೆ-ಇರೋ ನೋ ಯೂಹಿ'. ಯೂಹಿ ಎಂದರೆ ಮುಳುಗುವ ಸೂರ್ಯ. ಅಕಾನೆ ಎಂದರೇನೆಂದು ಕೇಳಿದೆ. "ಒಂದು ಬಳ್ಳಿ ಅಪ್ಪಾ. ಬೇರಿನಿಂದ ಕೆಂಪು ಬಣ್ಣಾ ತಗೀತಾರ." ನಾನು ಕೂಡಲೆ "ಮಂಜಿಷ್ಠ!" ಎಂದೆ. ನಮ್ಮ ಮಂಜಿಷ್ಠವೂ ಆ ಅಕಾನೆಯೂ ಒಂದೇ ಕುಲದ ಬಳ್ಳಿಗಳು. ಪೇಟೆಯ ಪುಡಿಬಣ್ಣ ಬರುವ ಮೊದಲು ಮಂಜಿಷ್ಠದ ಬೇರಿನಿಂದ ನೂಲಿಗೆ ಬಣ್ಣ ಹಾಕುತ್ತಿದ್ದುದನ್ನು ನನ್ನ ಅಜ್ಜ ಹೇಳುತ್ತಿದ್ದ. ಅದು ರಕ್ತದ ಕೆಂಪಲ್ಲ, ಕುಂಕುಮದ ಕೆಂಪಲ್ಲ. ಸ್ವಲ್ಪ ಮಾಸಿದ, ತೊಳೆದಷ್ಟೂ ಕಣ್ಣಿಗೆ ತಂಪಾಗುವ ಕೆಂಪು. ಮಂಜಿಷ್ಠದ ಬಣ್ಣದ ಸಂಜೆ! ಜಪಾನೀ ಹಾಡಿನ ಹೆಸರು ನನಗೆ ಅಂದು ನನ್ನ ಅಜ್ಜನ ಮೂಲಕ ಅರ್ಥವಾಯಿತು.

ಈ ಹಾಡನ್ನು ಶಿಮುರಾ ಬರೆದದ್ದು ಹದಿನೆಂಟರ ವಯಸ್ಸಿನಲ್ಲಿ, ಟೋಕಿಯೋಗೆ ಹೋದ ಹೊಸತರಲ್ಲಿ. ಸಂಜೆಯ ಬಣ್ಣ ಕಂಡು ಬಿಟ್ಟು ಬಂದ ಒಬ್ಬರ ನೆನಪು ಬರುತ್ತದೆ. ಆ ನೆನಪಿನ ಜೊತೆಗೇ ಟೋಕಿಯೋದ ಆಕಾಶದ ಮಾತೂ ಬರುತ್ತದೆ. ಪ್ರೀತಿ ಎಲ್ಲಿ ಮುಗಿಯಿತು, ಊರಿನ ನೆನಪು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸಲಾಗದು. ಮುಂಬಯಿಯಲ್ಲಿ ನನ್ನ ಮೊದಲ ವರ್ಷ ನೆನಪಾಯಿತು. ಪರೇಲಿನ ಕೋಣೆಯಲ್ಲಿ ನಾವು ಆರು ಜನ ಇದ್ದೆವು. ಸಂಜೆಯಾದರೆ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಈ ಹಾಡು 2005ರಲ್ಲಿ ಬಿಡಿ ಮುದ್ರಿಕೆಯಾಗಿ ಬಂತು. ಅದಕ್ಕೂ ಮೊದಲು, 2004ರಿಂದ, ಮೇಳದವರು ನಾಲ್ಕು ಋತುಗಳಿಗೆ ನಾಲ್ಕು ಹಾಡು ಹೊರತಂದಿದ್ದರು. 2007ರ ನವೆಂಬರಿನಲ್ಲಿ ಬಂದದ್ದು 'ವಾಕಾಮೋನೋ ನೋ ಸುಬೆತೆ', ಅಂದರೆ 'ತರುಣರ ಸರ್ವಸ್ವ'. ಬೇಸಗೆಯ ಕೊನೆ, ಸಂಜೆ ಐದರ ಗಂಟೆ, ವರ್ಷದ ಕೊನೆಯ ಬಾಣಬಿರುಸು, ಯಾರನ್ನೋ ಮತ್ತೆ ಕಾಣುವೆನೋ ಇಲ್ಲವೋ ಎಂಬ ಶಂಕೆ: ಇಷ್ಟೇ ಅದರ ಸಾಮಗ್ರಿ. ಆ ಹಾಡು 2022ರಿಂದ ಅಲ್ಲಿಯ ಪ್ರೌಢಶಾಲೆಯ ಸಂಗೀತದ ಪಠ್ಯಪುಸ್ತಕವೊಂದರಲ್ಲಿ ಸೇರಿದೆ. 2008ರ ಮೇ 31ರಂದು ಶಿಮುರಾ ತನ್ನ ಮೇಳದೊಡನೆ ಹುಟ್ಟೂರಿನ ಸಭಾಗೃಹದಲ್ಲಿ ಹಾಡಿದ. ಅಂದು ಮಂಜಿಷ್ಠದ ಸಂಜೆಯ ಹಾಡನ್ನೂ ಹಾಡಿದ. ಮರುವರ್ಷ, 2009ರ ಡಿಸೆಂಬರ್ 24ರಂದು, ತೀರಿಕೊಂಡ. ವಯಸ್ಸು 29. 2010ರ ಜುಲೈಯಲ್ಲಿ ಗೆಳೆಯರೂ ಹಿರಿಯರೂ ಕೂಡಿ ಅವನ ಹಾಡುಗಳನ್ನು ಹಾಡಿದರು. ಹಾಡಿದ್ದು ಅವನು ಶಾಲೆಯ ದಿನಗಳಲ್ಲಿ ಕೂತು ಕೇಳಿದ್ದ ಅದೇ ಬಯಲು ರಂಗದಲ್ಲಿ; ಬಂದವರಲ್ಲಿ ಒಕುದಾ ತಾಮಿಯೋ ಕೂಡ ಇದ್ದರು.

ಮಗಳಿಗೂ ಆ ವರ್ಷ 29. ಅವಳು ಅದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಜಪಾನಿನ ಊರುಗಳಲ್ಲಿ ಸಂಜೆಗೆ ಒಂದು ಗಂಟೆಯ ರಾಗ ನುಡಿಸುವ ಪದ್ಧತಿಯಿದೆ. ಭೂಕಂಪ, ಪ್ರವಾಹಗಳ ಮುನ್ಸೂಚನೆಗೆಂದು ಊರತುಂಬ ಕಂಬಗಳ ಮೇಲೆ ಧ್ವನಿವರ್ಧಕಗಳನ್ನು ಇಟ್ಟಿರುತ್ತಾರೆ. ಅವು ಸರಿಯಾಗಿವೆಯೇ ಎಂದು ನೋಡುವುದೂ ಆಗಲಿ, ಆಡುವ ಮಕ್ಕಳಿಗೆ ಮನೆಗೆ ಹೋಗುವ ಹೊತ್ತಾಯಿತೆಂದು ತಿಳಿಯುವುದೂ ಆಗಲಿ ಎಂದು ದಿನಾಲೂ ಒಂದು ರಾಗ. 2012ರ ಡಿಸೆಂಬರಿನಲ್ಲಿ, ಶಿಮುರಾನ ಪುಣ್ಯತಿಥಿಯ ಸುತ್ತಿನ ಕೆಲವು ದಿನ, ಫುಜಿಯೋಶಿದಾದ ಸಂಜೆಯ ಗಂಟೆ ಬದಲಾಗಿ ಮಂಜಿಷ್ಠದ ಸಂಜೆಯ ರಾಗ ನುಡಿಯಿತು. ಮರುವರ್ಷ ಜುಲೈಯಲ್ಲಿ, ಅವನು ಹುಟ್ಟಿದ ದಿನದ ಸುತ್ತ, ಇನ್ನೊಂದು ಹಾಡಿನ ರಾಗ. ಸಂಜೆಯ ಗಂಟೆಯನ್ನು ಹಾಡಿನಲ್ಲಿ ಇಟ್ಟವನ ಹಾಡನ್ನೇ ಅವನ ಊರು ಸಂಜೆಯ ಗಂಟೆ ಮಾಡಿತು.

ನಾವು ಹೋದದ್ದು ಆ ದಿನಗಳಲ್ಲವಾದ್ದರಿಂದ ನಮಗೆ ಆ ಭಾಗ್ಯ ಇರಲಿಲ್ಲ. ಅಂಗಡಿಬೀದಿಯಲ್ಲಿ, ಬೀದಿಯ ತುದಿಗೆ ಪರ್ವತ ಕಾಣುವಲ್ಲಿ, ಒಂದು ಬೆಂಚಿನ ಮೇಲೆ ಕೂತೆವು. ಚಳಿ ಹತ್ತಿತ್ತು. ಹಿಮದ ಮೇಲೆ ಸಂಜೆಯ ಕೆಂಪು ಬಿದ್ದು, ನಾನು ಹೇಳಿದೆನಲ್ಲ, ಅದೇ ಮಾಸಿದ ಬಣ್ಣವಾಯಿತು. ಕಂಬದ ಧ್ವನಿವರ್ಧಕದಲ್ಲಿ ದಿನದ ಸಾಧಾರಣ ರಾಗ ಬಂತು. ಸೈಕಲ್ಲಿನ ಹುಡುಗರಿಬ್ಬರು ಮನೆಯ ಕಡೆ ತಿರುಗಿದರು.

ಹೆಂಡತಿ ಏನೂ ಕೇಳಬೇಡವೆಂದಿದ್ದಳು. ನಾನು ಕೇಳಲಿಲ್ಲ. "ಅವತ್ತ ನಾ ಫೋನಿನ್ಯಾಗ ಅಂದದ್ದು ತಪ್ಪಾತವ್ವಾ" ಎಂದೆ.

"ಯಾವುದು?"

"ಮಂದಿ ಮಾತು."

ಅವಳು ಬಹಳ ಹೊತ್ತು ಪರ್ವತವನ್ನೇ ನೋಡಿದಳು. "ನಾ ಅದನ್ನ ಮರ್ತಿದ್ದೆ ಅಂತ ಸುಳ್ಳು ಹೇಳಂಗಿಲ್ಲ ಅಪ್ಪಾ" ಎಂದಳು. "ಮರ್ತಿಲ್ಲ. ಆದ್ರ ನೀ ಇಷ್ಟು ದೂರ ಬಂದೀ."

ಆಮೇಲೆ ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಓತ್ಸುಕಿಗೆ ಹೋಗುವ ಗಾಡಿ ಎರಡು ಸಲ ತಪ್ಪಿದರೂ ಹೇಳಿದಳು. ಏನು ಹೇಳಿದಳೆಂಬುದನ್ನು ಇಲ್ಲಿ ಬರೆಯುವುದು ಸರಿಯಲ್ಲ, ಅದು ಅವಳದು. ನಾನು ನಡುವೆ ಒಂದು ಮಾತೂ ಆಡಲಿಲ್ಲ. ಛತ್ರಿ ಬಾಗಿಲಲ್ಲಿದೆ ಎಂದಷ್ಟೇ ಹೇಳಿದ ಆ ಹುಡುಗನ ಹಾಡನ್ನು ಜನ ಹೇಗೆ ನಿಂತು ಕೇಳಿದ್ದರೋ ಹಾಗೆ ಕೇಳಿದೆ. ಕತ್ತಲಾದ ಮೇಲೆ ಸ್ಟೇಷನ್ನಿಗೆ ಬಂದಾಗ ಮತ್ತೆ ಆ ಚಿಕ್ಕ ರಾಗ ನುಡಿಯಿತು, ಗಾಡಿ ಬಂತು, ಹತ್ತಿದೆವು. ಅವಳು ನನ್ನ ಭುಜಕ್ಕೆ ಒರಗಿ ಓತ್ಸುಕಿಯವರೆಗೂ ನಿದ್ದೆ ಮಾಡಿದಳು.

ಇಷ್ಟನ್ನೂ ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅವಳು ಈಗ ಚೆನ್ನಾಗಿದ್ದಾಳೆ. ಮದುವೆಯ ಮಾತು ಯಾರಾದರೂ ತೆಗೆದರೆ ನನ್ನ ಹೆಂಡತಿಯೇ ಉತ್ತರ ಕೊಡುತ್ತಾಳೆ. ಶಿಮುರಾ ಹೋದ ಮೇಲೆಯೂ ಗೆಳೆಯರು ನಡೆಸಿಕೊಂಡು ಬಂದ ಆ ಮೇಳ 2025ರ ಫೆಬ್ರವರಿಯಲ್ಲಿ ತನ್ನ ಕೆಲಸ ನಿಲ್ಲಿಸಿತು. ಸುದ್ದಿ ಬಂದಾಗ ಮಗಳು ಫೋನು ಮಾಡಿ ಹೇಳಿದಳು; ನಮ್ಮ ಮನೆಯವರೇ ಯಾರೋ ಅಂಗಡಿ ಮುಚ್ಚಿದಂತೆ ನನಗೂ ಸ್ವಲ್ಪ ಕಸಿವಿಸಿಯಾಯಿತು.

ನಮ್ಮ ಸಂಘದ ಬಂಧುಗಳಲ್ಲಿ ಯಾರಾದರೂ ಫುಜಿ ಪರ್ವತ ನೋಡಲು ಹೋದರೆ ಶಿಮೋಯೋಶಿದಾದಲ್ಲಿ ಇಳಿಯಿರಿ. ಗೋಪುರಕ್ಕೆ ಅವಸರದಿಂದ ಓಡಬೇಡಿ. ಕಟ್ಟೆಯ ಮೇಲೆ ನಿಂತು ಮುಂದಿನ ಗಾಡಿಯ ರಾಗ ಕೇಳಿರಿ. ಅಷ್ಟು ದೂರ ಹೋಗದವರು ಇಂದು ರಾತ್ರಿ ಊಟವಾದ ಮೇಲೆ ಮಗನನ್ನೋ ಮಗಳನ್ನೋ "ಏನು ಹಾಡವ್ವಾ ಅದು, ಏನು ಹಾಡಪ್ಪಾ ಅದು" ಎಂದು ಕೇಳಿರಿ. ಕೇಳಿದ ಮೇಲೆ ಸುಮ್ಮನೆ ಬಾಜೂಕ ಕೂಡ್ರಿ.